ಸುಮಿತ್ರವ್ವನಿಗಾಗಿ ಎರಡು ಇಂಚು

ಹುಲಿಗೇಶನಿಗೆ ಸುಮಿತ್ರವ್ವ ಎಂದೊಡನೆ ಮೊದಲು ನೆನಪಾಗುವುದು ಬೆನ್ನ ಮೇಲೆ ಬಿದ್ದ ಒಂದು ಏಟು. ಆಗ ಅವನಿಗೆ ಎಂಟು ವರ್ಷ. ಅವನ ತಾಯಿ ಹನಮಂತವ್ವ ಸುಮಿತ್ರವ್ವನ ಹೊಲಕ್ಕೆ ಜೋಳದ ರಾಶಿ ಮಾಡಲು ಹೋಗಿದ್ದಳು, ಇವನು ಸೆರಗು ಹಿಡಿದು ಬೆನ್ನು ಹತ್ತಿದ್ದ. ಸುಮಿತ್ರವ್ವನ ಮಗ ನಿಜಲಿಂಗಪ್ಪನೂ ಅಲ್ಲಿದ್ದ. ಇಬ್ಬರೂ ಒಂದು ಓತಿಕ್ಯಾತದ ಹಿಂದೆ ಓಡುತ್ತ ಓಡುತ್ತ ಚಪ್ಪಲಿ ಕಾಲಲ್ಲೇ ಕಣದೊಳಗೆ ನುಗ್ಗಿಬಿಟ್ಟರು. "ಕಣಕ್ಕ ಕೆರ ಹಾಕ್ಕೊಂಡ ಬರ್ತೀರೇನಲೇ, ಹೊಟ್ಟಿಗೆ ಏನ್ ತಿಂತೀರಿ?" ಎಂದು ಸುಮಿತ್ರವ್ವ ಮಗನಿಗೆ ಎರಡು, ಹುಲಿಗೇಶನಿಗೆ ಒಂದು ಬಿಗಿದಳು. ಆಮೇಲೆ ಇಬ್ಬರ ಕೈಗೂ ಒಂದೊಂದು ಬೆಲ್ಲದ ಹೆಂಟೆ ಕೊಟ್ಟಳು. ಏಟಿನಲ್ಲಿ ಮಗನಿಗೆ ಒಂದು ಹೆಚ್ಚು ಸಿಕ್ಕಿತು, ಬೆಲ್ಲದಲ್ಲಿ ಇಬ್ಬರಿಗೂ ಸಮ. ಅಂಥ ಹೆಂಗಸು.

ಈಗ ಹುಲಿಗೇಶನಿಗೆ ನಲವತ್ತನಾಲ್ಕು. ಬೆಟಗೇರಿಯಲ್ಲಿ ಅವನದೊಂದು ತಗಡಿನ ಶೆಡ್ಡು. ಎಂಜಿನ್ ಮುಟ್ಟುವುದಿಲ್ಲ, ಬಣ್ಣದ ಕೆಲಸ ಹಿಡಿಯುವುದಿಲ್ಲ. ಗಾಡಿಯ ಭಾರ ಹೊರುವ ಸ್ಪ್ರಿಂಗು, ಅದರ ಕುಣಿತ ತಡೆಯುವ ಶಾಕಪ್ಪು, ಸುತ್ತಲಿನ ರಬ್ಬರು, ಇಷ್ಟೇ ಅವನ ಸಂಸಾರ. ಗದಗಿನ ಮಂದಿ ಅವನನ್ನು ಗಾಡಿಯ ಮೊಣಕಾಲು ನೋಡುವ ಡಾಕ್ಟರು ಎನ್ನುತ್ತಾರೆ. ಹೀಗಾಗಿ ದೀಪಾವಳಿ ಮುಗಿದ ವಾರ ಲಕ್ಷ್ಮೇಶ್ವರದಿಂದ ನಿಜಲಿಂಗಪ್ಪ ತನ್ನ ಕಪ್ಪು ಗಾಡಿ ತಂದು ಶೆಡ್ಡಿನ ಮುಂದೆ ನಿಲ್ಲಿಸಿದಾಗ ಹುಲಿಗೇಶನಿಗೆ ಆಶ್ಚರ್ಯವೇನೂ ಆಗಲಿಲ್ಲ. ಆಶ್ಚರ್ಯವಾದದ್ದು ಅವನ ಮಾತಿಗೆ.

"ಗಾಡಿ ಇಳಸಬೇಕೋ ಹುಲಿಗೇಶಿ. ಎರಡ ಇಂಚು."

ಅದು ಏಳು ಸೀಟಿನ ಗಾಡಿ. ರಸ್ತೆಯಲ್ಲಿ ಬಂದರೆ ಎದುರಿನವರು ತಾವಾಗಿ ಬದಿಗೆ ಸರಿಯಬೇಕು, ಅಷ್ಟು ಎತ್ತರ. ಆ ಎತ್ತರಕ್ಕಾಗಿಯೇ ಮಂದಿ ಅದನ್ನು ಕೊಳ್ಳುತ್ತಾರೆ. ಇಳಿಸಿಕೊಳ್ಳಲು ಬರುವವರು ಕಾಲೇಜಿನ ಹುಡುಗರು, ಅದೂ ಸಣ್ಣ ಕಾರುಗಳನ್ನು. ಹುಲಿಗೇಶ ನಕ್ಕುಬಿಟ್ಟ.

"ಈ ವಯಸ್ಸಿನ್ಯಾಗ ಎಂಥಾ ಶೋಕಿ ಹತ್ತಿತ್ರಿ ಸಾವ್ಕಾರ್ರ ನಿಮಗ?"

"ನನಗಲ್ಲೋ. ಅವ್ವಗ."

ಆಮೇಲೆ ನಿಜಲಿಂಗಪ್ಪ ಒಂದು ಖಾಲಿ ಡಬ್ಬಿಯ ಮೇಲೆ ಕೂತು ಎಲ್ಲ ಹೇಳಿದ. ಸುಮಿತ್ರವ್ವನ ಎರಡೂ ಮೊಣಕಾಲು ಆಪರೇಷನ್ ಆಗಿ ಒಂದು ವರ್ಷ ಕಳೆದಿತ್ತು. ನಡೆಯುತ್ತಾಳೆ, ಆದರೆ ಕಾಲು ಪೂರ್ತಿ ಮಡಚಲು ಬರುವುದಿಲ್ಲ. ಸಣ್ಣ ಕಾರಿನಲ್ಲಿ ಕೂತರೆ ಏಳಲಾಗದು, ದೊಡ್ಡ ಗಾಡಿ ಹತ್ತಲಾಗದು. ಒಂದು ಮದುವೆಗೆ ಹೋದಾಗ ಬಾಗಿಲ ಕೆಳಗೆ ಸ್ಟೂಲು ಇಟ್ಟು ಹತ್ತಿಸಲು ನೋಡಿದರು. ಸ್ಟೂಲು ವಾಲಿತು, ನಲವತ್ತು ಮಂದಿಯ ಎದುರು ಸುಮಿತ್ರವ್ವ ನೆಲಕ್ಕೆ ಬಿದ್ದಳು. ಅಂದಿನಿಂದ ಅಲುಗಾಡುವ ಯಾವುದರ ಮೇಲೂ ಅವಳು ಕಾಲಿಡುವುದಿಲ್ಲ. ಹಾಗಾದರೆ ಎತ್ತಿ ಕೂಡಿಸುತ್ತೇವೆ ಎಂದು ಮಗ, ಮೊಮ್ಮಕ್ಕಳು ಮುಂದೆ ಬಂದರೆ ಬಾಗಿಲು ಹಾಕಿಕೊಂಡಳು. "ನನ್ನ ಎತ್ತೂದು ಒಂದ ಸಲ. ಅವತ್ತ ನಾಕ ಮಂದಿ ಬರ್ರಿ, ಈಗ ಬ್ಯಾಡ" ಎಂದಳಂತೆ. ಎಂಟು ತಿಂಗಳಿಂದ ಹೊಸ್ತಿಲು ದಾಟಿಲ್ಲ.

"ಈಗ ಎಳ್ಳಮಾಸಿಗಿ ಕೊರ್ಲಹಳ್ಳಿಗಿ ಹೋಗಬೇಕು ಅಂತಾಳ," ಎಂದ ನಿಜಲಿಂಗಪ್ಪ. "ತವರಮನಿ ಹೊಲದಾಗ ಭೂಮಿತಾಯಿಗೆ ಎಡಿ ಹಿಡದು ಚರಗ ಚೆಲ್ಲಬೇಕಂತ. ಹ್ವಾದ ವರ್ಷ ತಪ್ಪೇತಿ, ಈ ವರ್ಷಾನೂ ತಪ್ಪಿದ್ರ ಮುಂದಿಂದು ನನಗ ಗೊತ್ತಿಲ್ಲ ಅಂತ ನಿನ್ನಿ ಅತ್ತಳೋ. ನಮ್ಮವ್ವ ಅತ್ತದ್ದು ನಾ ನೋಡಿದ್ದಿಲ್ಲ."

ಹುಲಿಗೇಶ ಮರುದಿನವೇ ಲಕ್ಷ್ಮೇಶ್ವರಕ್ಕೆ ಹೋದ. ಗಾಡಿ ಅಳೆಯುವ ಮೊದಲು ಸುಮಿತ್ರವ್ವನ ಕಾಲು ಅಳೆಯಬೇಕಿತ್ತು. ಅಡುಗೆಮನೆಯ ಮಣೆಗಳನ್ನು ತರಿಸಿ ಪಡಸಾಲೆಯಲ್ಲಿ ಒಂದರ ಮೇಲೊಂದು ಪೇರಿಸಿದ. "ಮ್ಯಾಲೆ ನಿಂದ್ರಬ್ಯಾಡ್ರಿ ಅವ್ವಾರ, ಕಂಬ ಹಿಡದು ಬರೇ ಪಾದ ಇಟ್ಟ ತೋರಸ್ರಿ" ಎಂದ. ಏಳನೆಯ ಮಣೆಯವರೆಗೆ ಪಾದ ಹೋಯಿತು. ಎಂಟನೆಯದಕ್ಕೆ ಮೊಣಕಾಲು ನಡುಗಿತು, ಮುಖ ಬಿಳಚಿತು, ಆದರೂ ಆಗುವುದಿಲ್ಲ ಎಂಬ ಮಾತು ಆಕೆಯ ಬಾಯಿಂದ ಬರಲಿಲ್ಲ. ಹುಲಿಗೇಶನೇ ಎಂಟನೆಯದನ್ನು ತೆಗೆದ. ಟೇಪು ಹಿಡಿದರೆ ಏಳು ಮಣೆ ಹದಿನಾಲ್ಕು ಇಂಚು. ಗಾಡಿಯ ಬಾಗಿಲ ಕೆಳಗಿನ ಫುಟ್‌ಬೋರ್ಡು ನೆಲದಿಂದ ಹದಿನಾರು ಇಂಚು. ನಿಜಲಿಂಗಪ್ಪನ ಲೆಕ್ಕ ಸರಿಯಾಗಿಯೇ ಇತ್ತು.

"ಹತ್ತತೇನೇನೋ ಹುಲಿಗ್ಯಾ?" ಎಂದಳು ಸುಮಿತ್ರವ್ವ.

"ಹತ್ತತೀರ್ರಿ. ಯಾರೂ ಕೈ ಹಿಡೀದಂಗ ಹತ್ತತೀರಿ. ನಾ ಅದೇನಿ."

ನಾ ಅದೇನಿ ಎಂದುಬಿಟ್ಟ. ಅದು ಹೇಳಲು ಎರಡೇ ಪದ. ಬೆಟಗೇರಿಗೆ ಮರಳುವ ದಾರಿಯಲ್ಲೇ ಆ ಎರಡು ಪದದ ಭಾರ ಅವನಿಗೆ ತಿಳಿಯತೊಡಗಿತು. ಗಾಡಿ ಇಳಿಸುವುದು ದೊಡ್ಡ ಮಾತಲ್ಲ. ಇಳಿಸಿದ ಗಾಡಿಯಲ್ಲಿ ಎಪ್ಪತ್ತಾರು ವರ್ಷದ ಹೆಂಗಸನ್ನು ಕೂಡಿಸಿ ಶಿರಹಟ್ಟಿ, ಮುಂಡರಗಿ ಹಾಯಿಸಿ ಹೊಳೆದಂಡೆಯ ಕೊರ್ಲಹಳ್ಳಿಗೆ ಮುಟ್ಟಿಸುವುದು ಬೇರೆ ಮಾತು.

ದಾರಿ ಮೂರಿದ್ದವು. ಮೊದಲನೆಯದು ಎಲ್ಲ ಶೆಡ್ಡಿನವರೂ ಮಾಡುವ ಪುಕ್ಕಟೆ ಕೆಲಸ: ಇದ್ದ ಸ್ಪ್ರಿಂಗನ್ನೇ ಗ್ಯಾಸಿನಿಂದ ಒಂದು ಸುತ್ತು ಕತ್ತರಿಸುವುದು. ಗಾಡಿ ಅರ್ಧ ದಿನದಲ್ಲಿ ಇಳಿಯುತ್ತದೆ. ಆದರೆ ಕತ್ತರಿಸಿದ ಸ್ಪ್ರಿಂಗು ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂಡುವುದಿಲ್ಲ, ದೊಡ್ಡ ತಗ್ಗಿಗೆ ಹಾರಿದರೆ ಹೊರಗೆ ಜಿಗಿದರೂ ಜಿಗಿದೀತು. ಆ ವಿಚಾರವನ್ನು ಹುಲಿಗೇಶ ಅಲ್ಲೇ ಬಿಟ್ಟ. ಎರಡನೆಯದು ಗಾಳಿ ಚೀಲ. ಸ್ಪ್ರಿಂಗಿನ ಜಾಗದಲ್ಲಿ ದಪ್ಪ ರಬ್ಬರಿನ ಚೀಲ ಕೂಡಿಸಿದರೆ ಗುಂಡಿ ಒತ್ತಿದಾಗ ಗಾಡಿ ಕೂರುತ್ತದೆ, ಇನ್ನೊಮ್ಮೆ ಒತ್ತಿದರೆ ಏಳುತ್ತದೆ. ಸುಮಿತ್ರವ್ವ ಹತ್ತುವಾಗ ಕೂರಿಸಿ ದಾರಿಯಲ್ಲಿ ಏಳಿಸಿಕೊಂಡು ಹೋಗಬಹುದು. ಇದಕ್ಕಿಂತ ಚಂದ ಇನ್ನೊಂದಿಲ್ಲ. ಆದರೆ ಅದು ಬರಲು ಎರಡು ತಿಂಗಳು, ಎಳ್ಳಮಾಸಿಗೆ ಉಳಿದದ್ದು ಐವತ್ತು ದಿನ. ಅದೂ ಅಲ್ಲದೆ ಹುಲಿಗೇಶ ಅದನ್ನು ತನ್ನ ಕೈಯಿಂದ ಒಮ್ಮೆಯೂ ಕೂಡಿಸಿದವನಲ್ಲ. ದಾರಿಯಲ್ಲಿ ಗಾಳಿ ಸೋರಿ ಗಾಡಿ ಕುಸಿದು ಕೂತರೆ ಏನು ಗತಿ ಎಂದು ಹೆದರಿದ. ಹೆದರಿಕೆಯನ್ನು ಬಾಯಿಬಿಟ್ಟು ಹೇಳದೆ, ಟೈಮಿಲ್ರಿ ಎಂದಷ್ಟೇ ನಿಜಲಿಂಗಪ್ಪನಿಗೆ ಹೇಳಿದ.

ಉಳಿದದ್ದು ಮೂರನೆಯದು, ಪುಣೆಯಿಂದ ಬರುವ ಗಿಡ್ಡ ಸ್ಪ್ರಿಂಗಿನ ಜೋಡಿ, ಅದಕ್ಕೆ ತಕ್ಕ ಗಿಡ್ಡ ಶಾಕಪ್ಪು. ಅದರಲ್ಲೂ ಎರಡು ನಮೂನೆ. ತೆಳು ತಂತಿಯದು ಮೆತ್ತಗೆ, ಸುಮಿತ್ರವ್ವನ ಮೊಣಕಾಲಿಗೆ ಸುಖ. ಆದರೆ ಮಂದಿ ಕೂತರೆ ಹಿಂಭಾಗ ಮತ್ತೆರಡು ಇಂಚು ಕುಸಿಯುತ್ತದೆ. ದಪ್ಪ ತಂತಿಯದು ಕುಸಿಯುವುದಿಲ್ಲ, ಆದರೆ ಪ್ರತಿ ತಗ್ಗೂ ಸೊಂಟಕ್ಕೆ ಗೊತ್ತಾಗುತ್ತದೆ. ಮೊಣಕಾಲು ಉಳಿಸಬೇಕೋ ಗಾಡಿಯ ಹೊಟ್ಟೆ ಉಳಿಸಬೇಕೋ? ಮೂರು ದಿನ ಈ ಒಂದೇ ಪ್ರಶ್ನೆ. ಊಟ ಸೇರಲಿಲ್ಲ. ಹೆಂಡತಿ ನೇತ್ರಾ, "ಪರೀಕ್ಷಾಕ್ಕ ಕುಂತೀರೇನ್ರಿ ಈ ವಯಸ್ಸಿನ್ಯಾಗ?" ಎಂದು ಕೇಳಿಯೂ ಆಯಿತು.

ಗಾಡಿಯ ಹೊಟ್ಟೆಯ ಚಿಂತೆ ಸುಳ್ಳಲ್ಲ. ಹೊಟ್ಟೆಯಡಿ ಎಲ್ಲಕ್ಕಿಂತ ಕೆಳಗೆ ಜೋತಾಡುವುದು ಸೈಲೆನ್ಸರ್ ಪೈಪಿನ ಮುಂದಿನ ಡಬ್ಬಿ. ಗಾಡಿ ಓಡಿತೆಂದರೆ ಅದು ರೊಟ್ಟಿಯ ಹಂಚಿನಂತೆ ಕಾಯುತ್ತದೆ. ಹೊಸ ಸ್ಪ್ರಿಂಗು ಹಾಕಿ ಏಳು ಮಂದಿ ಕೂತರೆ ಅದಕ್ಕೂ ನೆಲಕ್ಕೂ ಉಳಿಯುವುದು ಆರು ಇಂಚಿಗಿಂತ ಕಡಿಮೆ. ನಮ್ಮ ಕಡೆ ಹಂಪುಗಳು ಗೊತ್ತೇ ಇವೆ. ಸರ್ಕಾರದ ಹಂಪು ಒಂದು ಅಳತೆಯದಾದರೆ ಊರಿನವರು ತಾವೇ ಮಣ್ಣು ಸುರಿದು ಕಟ್ಟಿಕೊಂಡದ್ದು ಇನ್ನೊಂದು ಅಳತೆ. ಹುಲಿಗೇಶ ಒಂದು ಬಿದಿರು ಕೋಲಿಗೆ ಇಂಚಿಂಚಿಗೆ ಗೆರೆ ಹಾಕಿ, ಬೈಕು ಹತ್ತಿ, ಲಕ್ಷ್ಮೇಶ್ವರದಿಂದ ಕೊರ್ಲಹಳ್ಳಿಯವರೆಗೆ ಒಂದೊಂದೇ ಹಂಪಿನ ಪಕ್ಕ ಕೂತು ಅಳೆದ. ನಲವತ್ತೊಂದು ಹಂಪು. ಸರ್ಕಾರದವನೆಂದು ತಿಳಿದು ಶಿರಹಟ್ಟಿಯ ಹತ್ತಿರ ಇಬ್ಬರು ಅವನಿಗೆ ಕುಡಿಯುವ ನೀರಿನ ತಕರಾರು ಹೇಳಿದರು, ಒಬ್ಬ ಮುದುಕ ಪಿಂಚಣಿ ಯಾಕೆ ನಿಂತಿದೆ ಎಂದು ಗದರಿಸಿದ. ಎಲ್ಲಕ್ಕಿಂತ ಎತ್ತರದ ಹಂಪು ಐದು ಇಂಚು. ಹಾಗಾದರೆ ದಪ್ಪ ತಂತಿಯೇ ಸರಿ, ಅರ್ಧ ಇಂಚಾದರೂ ಉಳಿಯುತ್ತದೆ. ಸೊಂಟದ ಕಾಳಜಿಗೆ ಸೀಟಿನ ಮೇಲೆ ಹತ್ತಿಯ ಗಾದಿ ಹಾಕಿಸಿದರಾಯಿತು.

ಆ ಕೋಲು ಹಿಡಿದು ಅವನು ಅಲೆದದ್ದು ನವೆಂಬರಿನ ಮೊದಲ ವಾರ. ರಸ್ತೆ ತೊಳೆದಿಟ್ಟ ಹಾಗೆ ಬರಿದಾಗಿತ್ತು. ಇದನ್ನು ನೆನಪಿಡಬೇಕು, ಯಾಕೆಂದರೆ ಅವನು ಮರೆತ.

ಸ್ಪ್ರಿಂಗು ಬಂದವು. ಹುಲಿಗೇಶ ಹಳೆಯವನ್ನು ಬಿಚ್ಚಿ ಗೋಣಿಯಲ್ಲಿ ಸುತ್ತಿ ಮೂಲೆಗಿಟ್ಟ, ಹೊಸವನ್ನು ಕೂಡಿಸಿದ. ಆರು ಚೀಲ ಜೋಳ ಹೇರಿ ಅಳೆದ. ಇಳಿಸಿ ಅಳೆದ. ಗದಗಿನ ಕೆಟ್ಟ ರಸ್ತೆ ಹುಡುಕಿ ಹುಡುಕಿ ಓಡಿಸಿದ. ಎಲ್ಲೂ ತಾಗಲಿಲ್ಲ. ಎಳ್ಳಮಾಸಿಗೆ ಮೂರು ದಿನ ಮೊದಲು ಗಾಡಿಯನ್ನು ಲಕ್ಷ್ಮೇಶ್ವರದ ಮನೆ ಮುಂದೆ ನಿಲ್ಲಿಸಿದಾಗ ಸುಮಿತ್ರವ್ವ ಬಾಗಿಲ ಹಿಡಿ ಹಿಡಿದು, ಬಲಗಾಲು ಫುಟ್‌ಬೋರ್ಡಿನ ಮೇಲಿಟ್ಟು, ಒಂದು ಉಸಿರು ತೆಗೆದುಕೊಂಡು ಹತ್ತಿ ಕೂತಳು. ನಿಜಲಿಂಗಪ್ಪ ಚಾಚಿದ ಕೈ ಚಾಚಿದಂತೆಯೇ ಉಳಿಯಿತು. ಅವಳು ಕಿಟಕಿಯಿಂದ ಓಣಿಯನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. ನೋಡಿದವರು ನೋಡಲಿ ಎಂಬಂತಿತ್ತು ಆ ನೋಟ.

ಡ್ರೈವರ್ ಫಕೀರಸಾಬನಿಗೆ ಹುಲಿಗೇಶ ಎರಡು ಮಾತು ಹೇಳಿದ: ನಲವತ್ತರ ಮೇಲೆ ಓಡಿಸಬೇಡ, ಹಂಪಿನ ಮೇಲೆ ಓರೆಯಾಗಿ ಹತ್ತಿಸು. ಸುಮಿತ್ರವ್ವ ಮೂರನೆಯದು ಸೇರಿಸಿದಳು: ಗಾಡಿ ಓಡುವಾಗ ಯಾರ ಫೋನೂ ಬೇಡ, ಎಲ್ಲ ಬಂದ್ ಮಾಡಿ ಅವಳ ಚೀಲದೊಳಗೆ.

ಎಳ್ಳಮಾಸಿಯ ಹಿಂದಿನ ದಿನ ಬೆಳಿಗ್ಗೆ ಒಂಬತ್ತಕ್ಕೆ ಅವರು ಹೊರಟರು. ಹುಲಿಗೇಶ ಬೆಟಗೇರಿಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದು ಕೂತಿದ್ದನೇ ಹೊರತು ಕೆಲಸ ಸಾಗಲಿಲ್ಲ. ಈಗ ಶಿರಹಟ್ಟಿ ಮುಟ್ಟಿರಬೇಕು, ಈಗ ಐದಿಂಚಿನ ಹಂಪು ದಾಟಿರಬೇಕು ಎಂದು ಎಣಿಸುತ್ತಿದ್ದ. ಹತ್ತು ಗಂಟೆಯ ಸುಮಾರಿಗೆ ಫೋನು ಬಂತು. ನೇತ್ರಾ. ಅವಳು ಎರಡು ದಿನದ ಹಿಂದೆ ತವರಿಗೆ ಹೋಗಿದ್ದಳು. ಅವಳ ತಂದೆ ಹೊಳೆಯಪ್ಪನ ಹೊಲ ಮುಂಡರಗಿ ದಾಟಿ ಕೊರ್ಲಹಳ್ಳಿಗೆ ಹೋಗುವ ರಸ್ತೆಗೆ ಹತ್ತಿಕೊಂಡೇ ಇದೆ.

"ರೀ, ಸಂಜಿಕ ಬರ್ರಿ, ಹುರಳಿ ತೂರಾಕ ಕೈ ಕಡಿಮಿ ಬೀಳತಾವ," ಎಂದಳು. "ರಸ್ತಾದ ಮ್ಯಾಲೆ ಮೊಣಕಾಲ ಮಟ ಹಾಕೇವಿ. ಬಸ್ಸು, ಲಾರಿ ಹಾದು ಹಾದು ಮಸ್ತ್ ಬಡದಾವ. ನಮ್ಮದಷ್ಟ ಅಲ್ಲ, ಮುಂಡರಗಿಂದ ಇಲ್ಲೀಮಟ ನಾಕ ಕಡೆ ಹಾಕ್ಯಾರ."

ಹುಲಿಗೇಶ ಎದ್ದು ನಿಂತ.

ನಲವತ್ತೊಂದು ಹಂಪು ಅಳೆದ ಜಾಣ, ಡಿಸೆಂಬರಿನಲ್ಲಿ ಆ ರಸ್ತೆ ರಸ್ತೆಯಾಗಿರುವುದಿಲ್ಲ, ಕಣವಾಗಿರುತ್ತದೆ ಎಂಬುದನ್ನು ಮರೆತಿದ್ದ. ಹುರುಳಿ ಕಿತ್ತು ತಂದು ಡಾಂಬರಿನ ಮೇಲೆ ಹಾಸಿ, ಹೋಗುವ ಬರುವ ಗಾಡಿಗಳಿಂದಲೇ ತುಳಿಸುವುದು ಅವನು ಹುಟ್ಟಿದಾಗಿನಿಂದ ನೋಡಿದ ಸಂಗತಿ. ಹೋದ ಚಳಿಗಾಲದಲ್ಲಿ ಒಂದು ಕಾರಿನ ಕರಕಲನ್ನು ಅವನ ಶೆಡ್ಡಿನ ಮುಂದೆಯೇ ಎಳೆದುಕೊಂಡು ಹೋಗಿದ್ದರು. ಹುರುಳಿಯ ಬಳ್ಳಿ ಹೊಟ್ಟೆಯಡಿ ಸುತ್ತಿಕೊಂಡು, ಕಾದ ಡಬ್ಬಿಗೆ ತಾಗಿ ಹೊತ್ತಿತ್ತು. ಒಳಗಿದ್ದವರು ಹಾರಿಕೊಂಡು ಉಳಿದಿದ್ದರು. ಅದು ಎತ್ತರ ಕಡಿಮೆಯ ಕಾರು. ಎತ್ತರದ ಗಾಡಿಗಳು ಹೊಟ್ಟೆಗೆ ಏನೂ ತಾಗಿಸಿಕೊಳ್ಳದೆ ದಾಟುತ್ತವೆ. ಸುಮಿತ್ರವ್ವನ ಗಾಡಿಯೂ ದಾಟುತ್ತಿತ್ತು, ಇವನು ಎರಡು ಇಂಚು ಇಳಿಸಿರದಿದ್ದರೆ.

"ನೇತ್ರಾ, ಕೇಳಿಲ್ಲೆ. ಸಾವ್ಕಾರ್ರ ಕರೇ ಗಾಡಿ ಬರತೈತಿ. ಅದನ್ನ ಹುರಳಿ ಮ್ಯಾಲೆ ಹಾಯಾಕ ಬಿಡಬ್ಯಾಡ. ಕೈ ಮಾಡಿ ನಿಲ್ಲಸು."

"ತಲಿ ಛಲೋ ಐತೇನ್ರಿ ನಿಮ್ಮದು? ಮುಂಜಾನಿಂದ ಹಾಯ್ರಿ ಹಾಯ್ರಿ ಅಂತ ಎಲ್ಲಾ ಗಾಡಿಗೂ ಕೈ ಮಾಡಾಕತ್ತೇವಿ."

"ಆ ಗಾಡಿಗೆ ಬೆಂಕಿ ಹತ್ತತೈತಿ. ಒಳಗ ಸುಮಿತ್ರವ್ವಾರ ಅದಾರ."

ನೇತ್ರಾ ಫೋನು ಇಟ್ಟಳು. ಹುಲಿಗೇಶ ಫಕೀರಸಾಬನ ನಂಬರು ಒತ್ತಿದ, ಬಂದ್. ನಿಜಲಿಂಗಪ್ಪನದು, ಬಂದ್. ಎಲ್ಲ ಆಕೆಯ ಚೀಲದೊಳಗೆ. ಶೆಡ್ಡಿನ ಬಾಗಿಲು ಎಳೆಯುವಷ್ಟು ತಾಳ್ಮೆಯೂ ಉಳಿಯಲಿಲ್ಲ. ಬೈಕು ಹತ್ತಿ ಮುಂಡರಗಿ ದಾರಿ ಹಿಡಿದ.

ದಾರಿಯುದ್ದಕ್ಕೂ ಅವನ ಕಣ್ಣ ಮುಂದೆ ಬಂದದ್ದು ಒಂದೇ ಚಿತ್ರ. ಗಾಡಿಯಡಿ ಹೊಗೆ ಏಳುತ್ತದೆ. ಫಕೀರಸಾಬ ಹಾರುತ್ತಾನೆ, ನಿಜಲಿಂಗಪ್ಪ ಹಾರುತ್ತಾನೆ, ಉಳಿದವರು ಹಾರುತ್ತಾರೆ. ಸುಮಿತ್ರವ್ವ ಹಾರಲಾರಳು. ಮಗ ಎತ್ತಿಕೊಳ್ಳಲು ಕೈ ಚಾಚಿದರೆ, ಬ್ಯಾಡ, ನಾ ಇಳೀತೇನಿ ಎನ್ನುತ್ತಾಳೆ. ಆ ಹಟದ ಹೆಂಗಸು ಆ ಹೊತ್ತಿನಲ್ಲೂ ಹಾಗೇ ಎನ್ನುತ್ತಾಳೆ ಎಂಬುದರಲ್ಲಿ ಹುಲಿಗೇಶನಿಗೆ ಸಂಶಯವೇ ಇರಲಿಲ್ಲ. ಅವಳು ಒಂದು ಕಾಲು ಇಳಿಸಿ ಇನ್ನೊಂದು ಇಳಿಸುವುದರೊಳಗೆ ಏನೇನು ಆಗಬಹುದೋ. ಗಾಳಿ ಚೀಲ ತರಿಸಿದ್ದರೆ ದಾರಿಯಲ್ಲಿ ಗಾಡಿ ಎದ್ದು ನಿಂತಿರುತ್ತಿತ್ತಲ್ಲ, ಹೇಡಿ ಮುಕಳ್ಯಾ ಎಂದು ತನಗೆ ತಾನೇ ಬೈದುಕೊಂಡ. ನಾ ಅದೇನಿ ಅಂದೆಯಲ್ಲೋ, ಎಲ್ಲಿದ್ದೀಯ? ಮೂವತ್ತು ಕಿಲೋಮೀಟರ್ ದೂರದಲ್ಲಿ.

ಮುಂಡರಗಿ ದಾಟಿ ಮೊದಲ ಹಾಸು ಬಂತು. ಹುರುಳಿಯ ಮೇಲೆ ಅಗಲ ಚಕ್ರದ ಹೊಸ ಗುರುತು, ನಡುವೆ ಬಳ್ಳಿ ಕಿತ್ತು ಎಳೆದುಕೊಂಡು ಹೋದ ಗೆರೆ. ಅವನು ಬೈಕಿನ ವೇಗ ಹೆಚ್ಚಿಸಿದ. ಎರಡನೆಯ ಹಾಸಿನಲ್ಲೂ ಅದೇ ಗೆರೆ. ಮೂರನೆಯದರ ಹತ್ತಿರ ಒಬ್ಬ ರೈತ ಚದುರಿದ ಹುರುಳಿಯನ್ನು ಮತ್ತೆ ನಡುವಿಗೆ ಎಳೆಯುತ್ತಿದ್ದ. ಕರೇ ಗಾಡಿ ಹೋತೇನ್ರಿ ಎಂದು ಕೂಗಿದರೆ, "ಈಗ ಹಾದ ಹೋತಲಾ, ಒಳಗ ಒಬ್ಬಾಕಿ ಮುದುಕಿ ಎಲ್ಲಾರಿಗೂ ಒದರಾಕತ್ತಿದ್ಳು" ಎಂದ. ಒದರುತ್ತಿದ್ದಳು ಎಂದರೆ ಯಾಕೆ? ಹೊಗೆ ಕಂಡಿರಬೇಕು. ಹುಲಿಗೇಶ ಮುಂದೆ ಏನೂ ಕೇಳದೆ ಬೈಕು ಬಿಟ್ಟ.

ಹೊಳೆಯಪ್ಪನ ಹೊಲದ ತಿರುವಿನಲ್ಲಿ ಗಾಡಿ ಕಂಡಿತು. ನಿಂತಿತ್ತು. ಹುರುಳಿಯ ಹಾಸಿನ ಈಚೆ ಅಂಚಿಗೆ, ನಾಲ್ಕೂ ಬಾಗಿಲು ತೆರೆದು. ಒಳಗೆ ಯಾರೂ ಇರಲಿಲ್ಲ. ಆಮೇಲೆ ಕಂಡದ್ದು ಸುಮಿತ್ರವ್ವ. ಹುರುಳಿಯ ನಟ್ಟನಡುವೆ, ನೇತ್ರಾಳ ಹೆಗಲ ಮೇಲೆ ಒಂದು ಕೈ ಇಟ್ಟು, ಬರಿಗಾಲಲ್ಲಿ ಹೆಜ್ಜೆ ಮೇಲೆ ಹೆಜ್ಜೆ ಇಡುತ್ತಿದ್ದಳು. ಹಿಂದೆ ನಿಜಲಿಂಗಪ್ಪ, ತಾಯಿಯ ಚಪ್ಪಲಿಯನ್ನೂ ತನ್ನ ಬೂಟನ್ನೂ ಎರಡು ಕೈಯಲ್ಲಿ ಹಿಡಿದುಕೊಂಡು, ಬೈಸಿಕೊಂಡ ಮುಖ ಮಾಡಿಕೊಂಡು ನಡೆಯುತ್ತಿದ್ದ. ಮನೆಯ ಉಳಿದವರೂ ಬರಿಗಾಲಲ್ಲೇ ಸಾಲಾಗಿ ಹೊರಟಿದ್ದರು.

ಅದೇ ಹೊತ್ತಿಗೆ ಗಾಡಿಯ ಹೊಟ್ಟೆಯಡಿಯಿಂದ ಒಂದು ಎಳೆ ಹೊಗೆ ಹೊರಟಿತು.

ಹುಲಿಗೇಶ ಬೈಕನ್ನು ಬಿದ್ದಲ್ಲಿ ಬೀಳಲು ಬಿಟ್ಟು ಓಡಿದ. ಅಂಗಾತ ಮಲಗಿ ಕೆಳಗೆ ಸರಿದ. ಹುರುಳಿಯ ಬಳ್ಳಿ ಡಬ್ಬಿಗೆ ಹಗ್ಗದಂತೆ ಬಿಗಿದು ಸುತ್ತಿತ್ತು, ಒಳಮೈ ಕೆಂಡವಾಗಿತ್ತು. ಬರಿಗೈಯಿಂದ ಹಿಡಿದು ಎಳೆದ. ಎಳೆದಂತೆ ಗಾಳಿ ಸಿಕ್ಕು ಭಗ್ಗೆಂದು ಒಂದು ನಾಲಿಗೆ ಎದ್ದಿತು. "ಮಣ್ಣ ಹಾಕ್ರಿ" ಎಂದು ಕೂಗಿದ. ಗಾಡಿಯ ಬಳಿಯೇ ಉಳಿದಿದ್ದ ಫಕೀರಸಾಬ ಬುಟ್ಟಿಯಿಂದ ಮಣ್ಣು ಸುರಿದ, ಮಾವ ಹೊಳೆಯಪ್ಪ ಕೊಡ ತಂದ. ಎಳೆತ, ಮಣ್ಣು, ನೀರು. ನಾಲ್ಕೈದು ನಿಮಿಷ ಇರಬಹುದು. ಕೊನೆಯ ಹಿಡಿ ಬಳ್ಳಿ ಹೊರಗೆ ಬಂದಾಗ ಅದರ ಸಂಗಡ ಅವನ ಅಂಗೈಯ ತೊಗಲೂ ಬಂತು. ಗಾಡಿ ಉಳಿಯಿತು.

ಹೊರಗೆ ಬಂದವನಿಗೆ ಫಕೀರಸಾಬ ನಡೆದದ್ದನ್ನು ಉಗ್ಗುತ್ತ ಹೇಳಿದ. ಮೊದಲ ಎರಡು ಹಾಸು ದಾಟುವಾಗ ಸುಮಿತ್ರವ್ವ ತೂಕಡಿಸುತ್ತಿದ್ದಳು. ಮೂರನೆಯದರ ಮೇಲೆ ಎಚ್ಚರವಾಗಿ, ಕಾಲಡಿ ಏನಿದೆ ಎಂದು ನೋಡಿ, ಹುರುಳಿಯ ಕಣದ ಮೇಲೆ ಕೆರ ಹಾಕಿಕೊಂಡು ಕೂತು ಹೋಗುತ್ತಿದ್ದೀರಲ್ಲ ಎಂದು ಗಾಡಿಯೊಳಗಿದ್ದ ಎಲ್ಲರ ಮೇಲೂ ಹರಿಹಾಯ್ದಿದ್ದಳು. ಇಲ್ಲಿಗೆ ಬಂದಾಗ ನೇತ್ರಾ ರಸ್ತೆಗೆ ಓಡಿ ಬಂದು ಎರಡೂ ಕೈ ಬೀಸಿದ್ದೂ ಖರೆ. "ಹಾಯಿಸ್ರಿ ಅನ್ನಾಕತ್ತಾಳ ಅಂತ ತಿಳದು ಜೋರ ಬಿಡಾಕ ಹೊಂಟಿದ್ನಿ ಅಣ್ಣಾ," ಎಂದ ಫಕೀರಸಾಬ. "ಅವ್ವಾರ ನಿಲ್ಲಸಂದ್ರು. ಕಣ ಬಂತು, ಇಳೀತೇನಿ ಅಂದ್ರು. ತಾವ ಬಾಗಲಾ ತಗದು ತಾವ ಇಳದ್ರು. ಯಾರನ್ನೂ ಮುಟ್ಟಗೊಡಲಿಲ್ಲ."

ಅಷ್ಟರಲ್ಲಿ ಸುಮಿತ್ರವ್ವ ಕಣ ದಾಟಿ ಆಚೆ ಅಂಚಿನ ಕಲ್ಲಿಗೆ ಒರಗಿ ನಿಂತು ಇತ್ತ ನೋಡುತ್ತಿದ್ದಳು. ಹುಲಿಗೇಶ ಹುರುಳಿ ದಾಟಿ ಅವಳ ಬಳಿ ಹೋದ. ಹೇಳದೆ ಇರಬಹುದಿತ್ತು. ಬಳ್ಳಿ ಸಿಕ್ಕಿಕೊಂಡಿತ್ತು, ತೆಗೆದೆ ಎಂದರೆ ಮುಗಿಯುತ್ತಿತ್ತು. ಅವನಿಂದ ಆಗಲಿಲ್ಲ.

"ತಪ್ಪ ನಂದ್ರಿ ಅವ್ವಾರ. ಹಂಪ್ ಎಲ್ಲಾ ಅಳದ್ನಿ, ಹುರಳಿ ಮರತ್ನಿ. ಗಾಡಿ ಮೊದಲಿನಂಗ ಇದ್ದಿದ್ರ ಬಳ್ಳಿ ತಾಗತಿರಲಿಲ್ಲ. ನಾ ಇಳಿಸಿದ್ದಕ್ಕ ಬೆಂಕಿ ಹತ್ತಿತ್ರಿ. ನೀವು ಒಳಗ ಇದ್ದಿದ್ರ..."

ಸುಮಿತ್ರವ್ವ ಅವನ ಮುಖ ನೋಡಲಿಲ್ಲ. ಅವನ ಕಾಲು ನೋಡಿದಳು. ಗ್ರೀಸು ಮೆತ್ತಿದ ಬೂಟು, ಹುರುಳಿಯ ಮೇಲೆ ಅಲ್ಲಿಂದ ಇಲ್ಲಿಯವರೆಗೆ ಅದರದೇ ಹೆಜ್ಜೆಗಳು. ಅವಳ ಕೈ ಎದ್ದು ಅವನ ಬೆನ್ನಿಗೆ ಬಿತ್ತು. ಎಪ್ಪತ್ತಾರರ ಕೈ, ಆದರೂ ಸದ್ದಾಯಿತು.

"ಎಷ್ಟ ಸಲ ಹೇಳಬೇಕಲೇ ನಿನಗ?"

ಹುಲಿಗೇಶ ಅಲ್ಲೇ ಕೂತು, ಸುಟ್ಟ ಕೈಯಿಂದ ಬೂಟಿನ ದಾರ ಬಿಚ್ಚಲು ಹೋಗಿ, ಬಿಚ್ಚಲಾಗದೆ ಅತ್ತುಬಿಟ್ಟ. ನಲವತ್ತನಾಲ್ಕರ ಗಂಡಸು, ಹೆಂಡತಿಯ ಮುಂದೆ, ಮಾವನ ಮುಂದೆ ಬಿಕ್ಕಿ ಬಿಕ್ಕಿ ಅತ್ತ. ನೇತ್ರಾ ಬಗ್ಗಿ ದಾರ ಬಿಚ್ಚಿದಳು. ಹೊಳೆಯಪ್ಪ ಯಾರೂ ಹೇಳದೆಯೇ ಕುಂಟೆ ತಂದು ಹುರುಳಿಯನ್ನು ಒಂದು ಬದಿಗೆ ಎಳೆದು ಗಾಡಿಗೆ ದಾರಿ ಮಾಡತೊಡಗಿದ.

"ಅಮಾಸಿ ಮುಗೀಲ್ರಿ," ಎಂದ ಹುಲಿಗೇಶ, ತೋಳಿನಿಂದ ಮೂಗು ಒರೆಸಿಕೊಳ್ಳುತ್ತ. "ಹಳೇ ಸ್ಪ್ರಿಂಗ್ ಶೆಡ್ಡಿನ್ಯಾಗ ಇಟ್ಟೇನಿ. ಗಾಡಿ ಮತ್ತ ಎತ್ತರಸತೇನಿ."

ನಿಜಲಿಂಗಪ್ಪ ಹೌದೆಂದು ತಲೆಯಾಡಿಸಿದ. ಚಪ್ಪಲಿ ಕೆಳಗಿಡುವುದನ್ನೂ ಅವನು ಮರೆತಿದ್ದ. ಸುಮಿತ್ರವ್ವ ಗಾಡಿಯನ್ನೇ ನೋಡುತ್ತಿದ್ದಳು. ಫಕೀರಸಾಬ ಅದನ್ನು ಬರಿದಾದ ದಾರಿಯಲ್ಲಿ ಮೆಲ್ಲಗೆ ತಂದು ಅವಳ ಮುಂದೆ ನಿಲ್ಲಿಸಿದ.

"ಏರಸಬ್ಯಾಡ," ಎಂದಳು ಅವಳು. "ಹೀಂಗ ಇರಲಿ. ಕಣ ಬಂದ್ರ ನಾ ಇಳೀತೇನಿ."

ಬಾಗಿಲ ಹಿಡಿ ಹಿಡಿದು, ಒಂದು ಉಸಿರು ತೆಗೆದುಕೊಂಡು, ಬಲಗಾಲನ್ನು ಫುಟ್‌ಬೋರ್ಡಿನ ಮೇಲಿಟ್ಟಳು.